ವರ್ಣಮೋಹ ಮತ್ತು ವಧೂಪರೀಕ್ಷೆ



ಸೌಂದರ್ಯದ ಹೆಸರಿನಲ್ಲಿ ಸಮಾಜವು ಹೆಣ್ಣುಮಕ್ಕಳ ಮೇಲೆ ಹೊರಿಸುವ ಹೊರೆಗಳು ಹಲವು; ಅವೆಲ್ಲವನ್ನೂ ಒಂದು ಸಂಜೆಯಲ್ಲಿ ಪರಿಶೀಲಿಸಹೊರಡುವುದು ಸಾಹಸವಾದೀತು. ಆದುದರಿಂದ ನಮ್ಮ ಮನೆಮನೆಗೂ ಪರಿಚಿತವಾಗಿರುವ, ಪರಿಚಿತವಾಗಿರುವುದರಿಂದಲೇ ಯಾರೂ ಪ್ರಶ್ನಿಸದೆ ಬಿಟ್ಟಿರುವ ಒಂದನ್ನು, ಎಂದರೆ ಬಿಳಿಯ ಮೈಬಣ್ಣದ ವ್ಯಾಮೋಹವನ್ನು, ಇಂದಿನ ವಿಚಾರಕ್ಕೆ ಆರಿಸಿಕೊಂಡಿದ್ದೇನೆ. ಈ ಮೋಹದ ಬೇರು ಹುಡುಗಿಯ ಮನಸ್ಸಿನಲ್ಲಿರುವುದಕ್ಕಿಂತ ಹೆಚ್ಚಾಗಿ ಆಕೆಯನ್ನು ನೋಡಲೆಂದು ಬಂದು ನಡುಮನೆಯ ಜಮಖಾನದ ಮೇಲೆ ಕುಳಿತ ಗಂಡಿನ ಕಡೆಯವರ ಮನಸ್ಸಿನಲ್ಲಿದೆಯೆಂದೂ, ಚಿಕಿತ್ಸೆಯು ಅಲ್ಲಿಂದಲೇ ಮೊದಲಾಗತಕ್ಕುದೆಂದೂ ನಿವೇದಿಸುವುದು ನನ್ನ ಉದ್ದೇಶ.

ಇದು ಹಿಂದಿನಿಂದ ಬಂದದ್ದು, ಹಿರಿಯರ ಅಭಿರುಚಿ ಎನ್ನುವವರುಂಟು. ಗೌರಾಂಗಿಯರನ್ನು ಕೊಂಡಾಡಿದ ವರ್ಣನೆಗಳು ನಮ್ಮ ಕಾವ್ಯಗಳಲ್ಲಿ ಧಾರಾಳವಾಗಿವೆ ಎಂಬುದನ್ನು ಒಪ್ಪತಕ್ಕುದೇ. ಆದರೆ ಪಾಂಚಾಲಿಗೆ ಕೃಷ್ಣೆಯೆಂಬ ಹೆಸರು ಬಂದದ್ದು ಮೈಬಣ್ಣದಿಂದ. ಆಕೆಯ ಸ್ವಯಂವರಕ್ಕೆ ಭರತಖಂಡದ ಅರಸರೆಲ್ಲ ನೆರೆದರು. ಅಜಂತೆಯ ಭಿತ್ತಿಚಿತ್ರಗಳಲ್ಲಿ ಶ್ಯಾಮವರ್ಣದ ಸ್ತ್ರೀಯರು ಮುತ್ತಿನ ಸರಗಳನ್ನು ತೊಟ್ಟು ಗೌರವರ್ಣದವರೊಡನೆ ಸರಿಸಮನಾಗಿ ಶೋಭಿಸುತ್ತಾರೆ. ಇವೆರಡಕ್ಕಿಂತಲೂ ಕುತೂಹಲಕರವಾದ ಪ್ರಸಂಗವೊಂದು ಬೃಹದಾರಣ್ಯಕೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿದೆ. ಸಂತಾನಾಪೇಕ್ಷೆಯುಳ್ಳ ದಂಪತಿಗಳಿಗೆ ಅಲ್ಲಿ ಬಗೆಬಗೆಯ ಅನ್ನಗಳನ್ನು ವಿಧಿಸಿದೆ: ಬಿಳಿಯ ಮೈಯವನಾಗಿ ಒಂದು ವೇದವನ್ನು ಬಲ್ಲ ಮಗನು ಬೇಕೆಂದರೆ ಹಾಲನ್ನ, ಕಪಿಲವರ್ಣದವನಾಗಿ ಎರಡು ವೇದಗಳನ್ನು ಬಲ್ಲವನು ಬೇಕೆಂದರೆ ಮೊಸರನ್ನ, ಮೂರು ವೇದಗಳನ್ನು ಬಲ್ಲವನಾದರೋ ಶ್ಯಾಮವರ್ಣದವನು. ಮಗಳು ಬೇಕೆನ್ನುವವರಿಗೆ ಎಳ್ಳನ್ನವನ್ನು ಹೇಳುವಾಗ ಋಷಿಯು ಆಕೆಗಾಗಿ ಕೋರುವುದು ಪಾಂಡಿತ್ಯವನ್ನು ಮತ್ತು ಪೂರ್ಣಾಯುಷ್ಯವನ್ನು. ಬಣ್ಣದ ಪ್ರಸ್ತಾಪವೇ ಅಲ್ಲಿಲ್ಲ. ಮುಂದೆ ಭಾಷ್ಯಕಾರರು ಆ ಪಾಂಡಿತ್ಯವನ್ನು ಗೃಹಕೃತ್ಯದ ಎಲ್ಲೆಯೊಳಕ್ಕೆ ತಂದಿಟ್ಟರೆಂಬುದು ಬೇರೊಂದು ವ್ಯಥೆಯ ಕಥೆ. ಅಂತೂ ಪರಂಪರೆಯ ಸಾಕ್ಷ್ಯವು ಒಂದೇ ಪಕ್ಷದಲ್ಲಿ ನಿಂತಿಲ್ಲ.

ಇಂದಿನ ಸ್ಥಿತಿಯಾದರೋ ಬೇರೆ. ಮಗು ಬೆಳ್ಳಗಾಗಲೆಂದು ಬಸುರಿಗೆ ಕೇಸರಿ ಬೆರೆಸಿದ ಹಾಲನ್ನು ಕುಡಿಸುವಲ್ಲಿಗೇ ಪರೀಕ್ಷೆ ಆರಂಭವಾಗುತ್ತದೆ. ಹೆರಿಗೆಯ ಕೋಣೆಯಿಂದ ಹೊರಬೀಳುವ ಮೊದಲ ವಾರ್ತೆ ಗಂಡೋ ಹೆಣ್ಣೋ ಎಂಬುದಾದರೆ, ಎರಡನೆಯದು ಕೂಸಿನ ಬಣ್ಣ ಯಾರದೆಂಬುದು. ಮುಂದೆ ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ. ಓಟದಲ್ಲಿಯೋ ಆಟದಲ್ಲಿಯೋ ಮನಸ್ಸಿಟ್ಟ ಹುಡುಗಿಗೆ "ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀಯ" ಎಂಬ ನಿತ್ಯದ ಎಚ್ಚರಿಕೆ. ಹಬ್ಬಕ್ಕೆ ಸೀರೆ ಕೊಳ್ಳುವಾಗ "ಈ ಬಣ್ಣ ನಿನಗೆ ಒಪ್ಪೋದಿಲ್ಲ" ಎಂಬ ತೀರ್ಪು. ಕೊನೆಗೆ ಉಪ್ಪಿಟ್ಟು ಕೇಸರಿಬಾತುಗಳ ಸತ್ಕಾರವನ್ನು ಸ್ವೀಕರಿಸಿ, ಹಾಡಿಸಿ, ಓದನ್ನೂ ಸಂಬಳವನ್ನೂ ವಿಚಾರಿಸಿ, "ಊರಿಗೆ ಹೋಗಿ ತಿಳಿಸುತ್ತೇವೆ" ಎಂದು ಎದ್ದುಹೋದ ಬಂಧುಗಳು ಮಧ್ಯಸ್ಥರ ಮೂಲಕ "ಹುಡುಗಿ ಒಳ್ಳೆಯವಳೇ, ಬಣ್ಣ ಮಾತ್ರ ಸ್ವಲ್ಪ ಕಮ್ಮಿ" ಎಂದು ಹೇಳಿ ಕಳುಹಿಸುತ್ತಾರೆ. ಇಲ್ಲವೆ, 1961ರಿಂದಲೇ ಕಾನೂನು ನಿಷೇಧಿಸಿರುವ ವರದಕ್ಷಿಣೆಯಲ್ಲಿ ಆ ಕೊರತೆಯನ್ನು ತುಂಬಿಕೊಡಬೇಕೆಂದು ಸೂಚಿಸುತ್ತಾರೆ. ಇಂತಹ ಮಾತನ್ನು ನಾಲ್ಕಾರು ಸಲ ಕೇಳಿದ ತರುಣಿಯು ತನ್ನ ವಿದ್ಯೆಯನ್ನೂ ವಿವೇಕವನ್ನೂ ತಾನೇ ಹಗುರವಾಗಿ ಎಣಿಸತೊಡಗಿದರೆ ಅದರಲ್ಲಿ ಆಶ್ಚರ್ಯವೇನು?

ಈ ಅಳುಕನ್ನು ವ್ಯಾಪಾರವು ಬಹುಬೇಗ ಗುರುತಿಸಿತು. 1975ರಲ್ಲಿ ಪೇಟೆಗೆ ಬಂದ ಫೇರ್ ಅಂಡ್ ಲವ್ಲಿಯ ಜಾಹೀರಾತುಗಳಲ್ಲಿ ಮುಖ ಬೆಳ್ಳಗಾದೊಡನೆ ಹುಡುಗಿಗೆ ನೌಕರಿಯೋ ವರನೋ ಒದಗಿಬರುತ್ತಿದ್ದುದನ್ನು ನೀವೆಲ್ಲರೂ ಕಂಡಿದ್ದೀರಿ. ಕಪ್ಪು ಬಣ್ಣದವರನ್ನು ನತದೃಷ್ಟರೆಂಬಂತೆ ಚಿತ್ರಿಸಬಾರದೆಂದು ಭಾರತೀಯ ಜಾಹೀರಾತು ಮಾನಕ ಮಂಡಳಿಯು 2014ರಲ್ಲಿ ನಿಯಮ ಮಾಡಿತು. 2020ರಲ್ಲಿ ಆ ಲೇಪವು ಗ್ಲೋ ಅಂಡ್ ಲವ್ಲಿಯೆಂದು ನಾಮಾಂತರ ಹೊಂದಿತು. ಹೆಸರು ಬದಲಾಯಿತು, ಕೊಳ್ಳುವವರನ್ನು ಅಂಗಡಿಗೆ ಅಟ್ಟುವ ಭಯವು ಇದ್ದಲ್ಲಿಯೇ ಇದೆ.

ಭಯವಿದ್ದ ಕಡೆ ವಿಷವೂ ಮಾರಾಟವಾಗುತ್ತದೆ. ಚರ್ಮದಲ್ಲಿ ವರ್ಣವನ್ನು ಉತ್ಪಾದಿಸುವ ಜೀವಕೋಶಗಳ ಸಂಖ್ಯೆಯು ಕರಿಯರಲ್ಲಿಯೂ ಬಿಳಿಯರಲ್ಲಿಯೂ ಹೆಚ್ಚುಕಡಮೆ ಒಂದೇ. ಅವು ತಯಾರಿಸುವ ಮೆಲನಿನ್ನಿನ ಪ್ರಮಾಣದಲ್ಲಿಯೂ ಬಗೆಯಲ್ಲಿಯೂ ಮಾತ್ರ ವ್ಯತ್ಯಾಸ. ಉರಿಬಿಸಿಲಿನ ನೇರಳಾತೀತ ಕಿರಣಗಳಿಂದ ನಮ್ಮನ್ನು ಕಾಯುವ ಈ ದ್ರವ್ಯದ ಉತ್ಪತ್ತಿಯನ್ನು ಪಾದರಸದ ಲವಣಗಳು ತಡೆಯುತ್ತವೆ. ಹೆಸರುವಾಸಿಯಲ್ಲದ ಅನೇಕ ಲೇಪಗಳಲ್ಲಿ ಅವನ್ನು ಬೆರೆಸುತ್ತಾರೆ. ಆ ಪಾದರಸವು ಚರ್ಮದ ಮೂಲಕ ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2021ರಿಂದ 2023ರ ವರೆಗೆ ಒಂದು ಬಗೆಯ ಮೂತ್ರಪಿಂಡ ವ್ಯಾಧಿಯಿಂದ ಬಂದ 22 ರೋಗಿಗಳನ್ನು ವೈದ್ಯರು ವಿಚಾರಿಸಿದಾಗ, ಅವರಲ್ಲಿ 13 ಮಂದಿ ಬೆಳ್ಳಗಾಗುವ ಲೇಪವನ್ನು ಬಳಸಿದ್ದವರೆಂದು ಗೊತ್ತಾಯಿತು. ಸ್ಟೀರಾಯ್ಡ್ ಮುಲಾಮುಗಳದು ಮತ್ತೊಂದು ಬಗೆ. ಹಚ್ಚಿದ ಕೆಲದಿನಗಳಲ್ಲಿ ಮುಖವು ತಿಳಿಯಾದಂತೆ ಕಾಣುತ್ತದೆ. ತಿಂಗಳುಗಳ ಮೇಲೆ ಚರ್ಮವು ತೆಳ್ಳಗಾಗಿ, ಕೆಂಪೇರಿ, ಮೊಡವೆಗಳೂ ರೋಮವೂ ಎದ್ದು, ಬಿಡಹೊರಟರೆ ಉರಿ ತಡೆಯಲಾಗದೆ ಮತ್ತೆ ಅದನ್ನೇ ಹಚ್ಚುವಂತಾಗುತ್ತದೆ. ವೈದ್ಯರ ಚೀಟಿಯಿಲ್ಲದೆ ಇಂತಹ ಹಲವು ಮುಲಾಮುಗಳನ್ನು ಮಾರಬಾರದೆಂದು ಸರ್ಕಾರವು 2018ರಲ್ಲಿ ವಿಧಿಸಿದ್ದರೂ, ಬೇಡಿಕೆಯು ತಗ್ಗದ ಹೊರತು ಮಾರಾಟವು ಹೇಗಾದರೂ ದಾರಿ ಕಂಡುಕೊಳ್ಳುತ್ತದೆ.

ಈ ಲೇಪವನ್ನು ಮಗಳ ಕೈಗೆ ಮೊದಲು ಕೊಡುವವಳು ಬಹುಶಃ ತಾಯಿಯೇ. ಅದರಲ್ಲಿ ಕ್ರೌರ್ಯವಿಲ್ಲ, ತಾನು ಸಹಿಸಿದ ಅವಮಾನವು ಮಗಳಿಗೆ ಬಾರದಿರಲೆಂಬ ವಾತ್ಸಲ್ಯವಿದೆ. ವಿವಾಹದ ಪೇಟೆಯ ಧಾರಣೆಯನ್ನು ಆಕೆ ಬಲ್ಲಳು. ಎಲ್ಲರೂ ಆ ಧಾರಣೆಯನ್ನು ಒಪ್ಪಿರುವಾಗ ಒಂದು ಮನೆಯವರು ಮಾತ್ರ ಅದನ್ನು ಧಿಕ್ಕರಿಸಿದರೆ ನಷ್ಟವು ಆ ಮನೆಯ ಮಗಳದೇ. ಆದುದರಿಂದ "ನಿನ್ನ ಬಣ್ಣವನ್ನು ನೀನು ಮೆಚ್ಚಿಕೋ" ಎಂದು ಹುಡುಗಿಯರಿಗೆ ಉಪದೇಶಿಸುವುದು ಒಳ್ಳೆಯದೇ ಆದರೂ ಸಾಲದು.

ಹಾಗಾದರೆ ಸಾಲುವುದು ಯಾವುದು? ಚೀನಾ ದೇಶದ ಚರಿತ್ರೆಯು ಇದಕ್ಕೆ ಉತ್ತರ ಕೊಡುತ್ತದೆ. ಐದಾರು ವರ್ಷದ ಬಾಲೆಯ ನಾಲ್ಕು ಕಾಲ್ಬೆರಳುಗಳನ್ನು ಅಂಗಾಲಿನ ಕೆಳಕ್ಕೆ ಮಡಿಸಿ ಬಿಗಿದು, ಪಾದವು ಮೂರಂಗುಲದ ಕಮಲವಾಗಲೆಂದು ಬಯಸುವ ಪದ್ಧತಿ ಅಲ್ಲಿ ಹಲವು ಶತಮಾನ ನಡೆಯಿತು. ಕಟ್ಟುತ್ತಿದ್ದವಳು ತಾಯಿ, ಕಾರಣ, ದೊಡ್ಡ ಪಾದದವಳಿಗೆ ಗೌರವಸ್ಥರ ಮನೆಯ ವರನು ದೊರೆಯನೆಂಬುದು. ಹದಿನೇಳನೆಯ ಶತಮಾನದಲ್ಲಿ ಮಂಚೂ ಚಕ್ರವರ್ತಿಯ ಸರ್ಕಾರವು ಇದನ್ನು ನಿಷೇಧಿಸಿ, ಜನರು ಕೇಳದಿರಲು, 1668ರಲ್ಲಿ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ ಪಾದಬಂಧನ ವಿರೋಧಿ ಸಂಘಗಳು ಮತ್ತೊಂದು ಉಪಾಯವನ್ನು ಕಂಡವು: ಸದಸ್ಯರು ಹೆಣ್ಣುಮಕ್ಕಳ ಪಾದವನ್ನು ಕಟ್ಟುವುದಿಲ್ಲವೆಂದು ಮಾತ್ರವಲ್ಲದೆ, ಪಾದ ಕಟ್ಟಿದ ಹುಡುಗಿಯನ್ನು ತಮ್ಮ ಗಂಡುಮಕ್ಕಳಿಗೆ ತಂದುಕೊಳ್ಳುವುದಿಲ್ಲವೆಂದೂ ಪ್ರತಿಜ್ಞೆ ಮಾಡಿದರು. ಮಗಳ ಪಾದವನ್ನು ಬಿಡಿಸಿದ ತಂದೆಗೆ ಇದರಿಂದ ಅಳಿಯನೂ ಖಾತರಿಯಾದನು. 1902ರ ರಾಜಾಜ್ಞೆಯೂ 1912ರ ಗಣರಾಜ್ಯದ ನಿಷೇಧವೂ ಈ ಸಿದ್ಧಭೂಮಿಯ ಮೇಲೆ ಬಂದವು. 1929ರಲ್ಲಿ ಡಿಂಗ್‌ಶಿಯನ್ ಜಿಲ್ಲೆಯಲ್ಲಿ ಎಣಿಸಿ ನೋಡಿದಾಗ, 1890ಕ್ಕೆ ಮುಂಚೆ ಹುಟ್ಟಿದ ಹೆಂಗಸರಲ್ಲಿ ನೂರಕ್ಕೆ 99 ಮಂದಿಯ ಪಾದಗಳು ಕಟ್ಟಲ್ಪಟ್ಟಿದ್ದವು. 1919ರ ತರುವಾಯ ಹುಟ್ಟಿದವರಲ್ಲಿ ಒಬ್ಬಳದೂ ಇಲ್ಲ. ಒಂದೇ ತಲೆಮಾರಿನ ಕೆಲಸವದು.

ಮೆಚ್ಚುವುದು ಬಿಡುವುದು ಅವರವರ ಅಭಿರುಚಿಯಲ್ಲವೆ ಎಂದು ಕೇಳುವವರಿದ್ದಾರೆ. ಒಬ್ಬನ ಅಭಿರುಚಿಯಾದರೆ ಅದನ್ನು ಅವನಿಗೇ ಬಿಡೋಣ. ಲಕ್ಷಾಂತರ ಮನೆಗಳು ಒಂದೇ ಮಾತನ್ನು ಜಾಹೀರಾತಿನಲ್ಲಿ ಅಚ್ಚುಹಾಕಿಸಿ, ಮಧ್ಯಸ್ಥರ ಕೈಯಲ್ಲಿ ಹೇಳಿಸಿ, ಅದಕ್ಕೆ ಹಣವನ್ನೂ ಗೊತ್ತುಮಾಡಿದಾಗ ಅದು ಅಭಿರುಚಿಯಾಗಿ ಉಳಿಯದೆ ಕಟ್ಟಳೆಯಾಗುತ್ತದೆ. ಕೂಡಿ ಮಾಡಿದ ಕಟ್ಟಳೆಯನ್ನು ಕೂಡಿಯೇ ಮುರಿಯಬೇಕು.

ಈ ಸಭೆಯಲ್ಲಿ ಗಂಡುಮಕ್ಕಳನ್ನು ಹೆತ್ತವರು ಬಹುಮಂದಿ ಇದ್ದೀರಿ. ವಧು ಬೇಕೆಂಬ ಪ್ರಕಟಣೆಯಲ್ಲಿ ಬಣ್ಣವನ್ನು ಬರೆಯಿಸುವುದಿಲ್ಲ, ಮಧ್ಯಸ್ಥರಲ್ಲಿ ಅದನ್ನು ವಿಚಾರಿಸುವುದಿಲ್ಲ, ಆ ನೆಪದಿಂದ ಒಂದು ಸಂಬಂಧವನ್ನೂ ತಿರಸ್ಕರಿಸುವುದಿಲ್ಲ ಎಂಬ ಮೂರು ಮಾತುಗಳನ್ನು ಬರೆದ ಪುಸ್ತಕವೊಂದನ್ನು ಈ ಸಂಘದ ಕಾರ್ಯಾಲಯದಲ್ಲಿ ಇಡುವಂತೆ ಕಾರ್ಯದರ್ಶಿಗಳನ್ನು ಪ್ರಾರ್ಥಿಸುತ್ತೇನೆ. ಅದರಲ್ಲಿ ತಂದೆತಾಯಿಗಳ ಜೊತೆಗೆ ಮದುವೆಗೆ ಬಂದ ತರುಣರೂ ತಮ್ಮ ಹೆಸರು ಬರೆಯಲಿ. ಹೆಣ್ಣು ಹೆತ್ತವರು ಬಂದು ಆ ಹೆಸರುಗಳನ್ನು ಓದಿಕೊಂಡು ಹೋಗುವಂತಾಗಲಿ.