ತಪ್ಪು ಬೆರಳಿನದಲ್ಲ



ಮೊಬೈಲಿನಲ್ಲಿ ಹಣ ಕಳಿಸಲು ಹೋಗಿ ನಡುವೆ ಸಿಕ್ಕಿಹಾಕಿಕೊಂಡವರ ಬಾಯಲ್ಲಿ ಮೊದಲು ಬರುವ ಮಾತು, "ನನಗೆ ಇದೆಲ್ಲ ಗೊತ್ತಾಗಲ್ಲಪ್ಪ" ಎಂಬುದು. ವಯಸ್ಸಾದವರು ಮಾತ್ರವಲ್ಲ, ಚೆನ್ನಾಗಿ ಓದಿದವರೂ ಹೀಗೇ ಹೇಳಿ ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಳ್ಳುತ್ತಾರೆ. ಆ ತಪ್ಪು ನಿಜಕ್ಕೂ ಯಾರದು ಎಂದು ಎಂಬತ್ತು ವರ್ಷಗಳಿಂದ ಕೇಳುತ್ತ ಬಂದಿರುವ ಒಂದು ವಿದ್ಯೆ ಇದೆ. ಇಂದು ಅದಕ್ಕೆ ಯುಎಕ್ಸ್ ಡಿಸೈನ್, ಬಳಕೆದಾರರ ಅನುಭವದ ವಿನ್ಯಾಸ, ಎಂಬ ಹೆಸರು. ಪರದೆಯ ಮೇಲೆ ಯಾವುದು ಎಲ್ಲಿರಬೇಕು, ಒತ್ತಿದರೆ ಏನಾಗಬೇಕು, ಎಡವಿದರೆ ಹಿಂದಿರುಗುವ ದಾರಿ ಯಾವುದು ಎಂದು ಗೊತ್ತುಮಾಡುವ ಕೆಲಸ. ಅದರ ಬೇರು ಮಾತ್ರ ಯುದ್ಧವಿಮಾನದಲ್ಲಿದೆ.

ಎರಡನೆಯ ಮಹಾಯುದ್ಧದ ಕಾಲ. ಅಮೆರಿಕದ ಬಿ-17 ಬಾಂಬರ್‌ಗಳು ಕ್ಷೇಮವಾಗಿ ಇಳಿದ ಮೇಲೂ, ರನ್‌ವೇಯಲ್ಲಿ ಓಡುತ್ತಿರುವಾಗಲೇ ಚಕ್ರ ಮಡಚಿಕೊಂಡು ಹೊಟ್ಟೆಯ ಮೇಲೆ ಕುಸಿಯುತ್ತಿದ್ದವು. ಪೈಲಟ್‌ನ ತಪ್ಪು ಎಂದು ಷರಾ ಬರೆದು ಕಡತ ಮುಚ್ಚಲಾಗುತ್ತಿತ್ತು. ಆಲ್ಫೋನ್ಸ್ ಚಪಾನಿಸ್ ಎಂಬ ಯುವ ಮನೋವಿಜ್ಞಾನಿ ಮಾತ್ರ ಕಾಕ್‌ಪಿಟ್‌ನ ಒಳಗೇ ಕಣ್ಣು ಹಾಯಿಸಿದರು. ರೆಕ್ಕೆಯ ಫ್ಲ್ಯಾಪ್ ಮಡಿಸುವ ಸ್ವಿಚ್ಚೂ ಚಕ್ರ ಮಡಿಸುವ ಸ್ವಿಚ್ಚೂ ಅಕ್ಕಪಕ್ಕದಲ್ಲಿದ್ದವು, ಎರಡೂ ನೋಡಲು ಒಂದೇ ಥರ. ದಣಿದ ಕೈ ಒಂದಕ್ಕೆ ಬದಲು ಇನ್ನೊಂದನ್ನು ಹಿಡಿಯುತ್ತಿತ್ತು. ಚಪಾನಿಸ್ ಚಕ್ರದ ಹಿಡಿಕೆಗೆ ಪುಟ್ಟದೊಂದು ರಬ್ಬರ್ ಚಕ್ರವನ್ನೂ ಫ್ಲ್ಯಾಪಿನ ಹಿಡಿಕೆಗೆ ಬೆಣೆಯಾಕಾರದ ತುಂಡನ್ನೂ ಕೂರಿಸಿದರು. ಕತ್ತಲಲ್ಲೂ ಯಾವುದು ಯಾವುದೆಂದು ಬೆರಳಿಗೇ ತಿಳಿಯುವಂತಾಯಿತು. ದೊಡ್ಡ ವಿಮಾನಗಳ ನಿಯಮಗಳಲ್ಲಿ ಈ ಆಕಾರಗಳು ಇಂದಿಗೂ ಉಳಿದಿವೆ.

1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಎಂಬ ಮನೋವಿಜ್ಞಾನಿಗಳು ಇಂಥ 460 ಪ್ರಸಂಗಗಳನ್ನು ಪೈಲಟ್‌ಗಳನ್ನೇ ಕೇಳಿ ಕಲೆಹಾಕಿದರು. ಅವುಗಳಲ್ಲಿ ಅರ್ಧದಷ್ಟು, ಒಂದು ಹಿಡಿಕೆಯೆಂದು ಮತ್ತೊಂದನ್ನು ಎಳೆದ ಪ್ರಸಂಗಗಳು. ಗುರಿ ದೂರವಾದಷ್ಟೂ ಚಿಕ್ಕದಾದಷ್ಟೂ ಕೈಗೆ ಅದನ್ನು ಮುಟ್ಟಲು ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬುದನ್ನು ಇದೇ ಫಿಟ್ಸ್ 1954ರಲ್ಲಿ ಗಣಿತದ ಸೂತ್ರವಾಗಿಸಿದರು. ಮೊಬೈಲಿನ ಬಟನ್ ಎಷ್ಟು ದೊಡ್ಡದಿರಬೇಕೆಂಬ ಚರ್ಚೆಯಲ್ಲಿ ಈಗಲೂ ಅವರ ಹೆಸರು ಬರುತ್ತದೆ. ಫೋನಿನಲ್ಲಿ 1, 2, 3 ಮೇಲ್ಸಾಲಿನಲ್ಲಿ ಇರುವುದಕ್ಕೂ ಇಂಥದೇ ಹಿನ್ನೆಲೆಯಿದೆ. ಬೆಲ್ ಪ್ರಯೋಗಾಲಯದಲ್ಲಿ ಜಾನ್ ಕಾರ್ಲಿನ್ ಅವರ ತಂಡ ಅಂಕಿಗಳನ್ನು ಬೇರೆ ಬೇರೆ ಬಗೆಯಲ್ಲಿ ಜೋಡಿಸಿ, ಜನರ ಕೈಯಲ್ಲಿ ಒತ್ತಿಸಿ ನೋಡಿತ್ತು. ಒತ್ತುಗುಂಡಿಯ ಆ ಫೋನು 1963ರ ನವೆಂಬರಿನಲ್ಲಿ ಅಮೆರಿಕದ ಮನೆಗಳಿಗೆ ಬಂತು.

ಈ ಚರಿತ್ರೆಯಲ್ಲಿ ನನಗೆ ಬಹಳ ಪ್ರಿಯವಾದ ಘಟ್ಟ 1970ರ ದಶಕದ್ದು. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರವಿತ್ತು. ಅಲ್ಲಿ ಬ್ರಾವೊ ಎಂಬ ಬರವಣಿಗೆಯ ತಂತ್ರಾಂಶ ಸಿದ್ಧವಾಗಿತ್ತು. ಅಕ್ಷರ ಟೈಪಿಸಲು ಒಂದು ಸ್ಥಿತಿ, ಆದೇಶ ಕೊಡಲು ಮತ್ತೊಂದು. ಯಾವ ಸ್ಥಿತಿಯಲ್ಲಿದ್ದೇವೆ ಎಂಬುದನ್ನು ಮರೆತು ಇಂಗ್ಲಿಷಿನ ಇ, ಡಿ, ಐ, ಟಿ ಎಂಬ ನಾಲ್ಕು ಅಕ್ಷರ ಒತ್ತಿದರೆ ಇಡೀ ಬರಹ ಅಳಿಸಿಹೋಗಿ, ಆ ಜಾಗದಲ್ಲಿ ಒಂದು ಟಿ ಮಾತ್ರ ಉಳಿಯುತ್ತಿತ್ತು! ಅಲ್ಲಿನ ಸಂಶೋಧಕ ಲ್ಯಾರಿ ಟೆಸ್ಲರ್ ಇದನ್ನು ಸಹಿಸಲಿಲ್ಲ. ಕಂಪ್ಯೂಟರನ್ನೇ ಬಳಸಿರದ ಹೊಸ ಉದ್ಯೋಗಿಯೊಬ್ಬರನ್ನು ಖಾಲಿ ಪರದೆಯ ಮುಂದೆ ಕೂರಿಸಿದರು. ಇಲ್ಲಿ ಬರಹವಿದೆ ಎಂದುಕೊಳ್ಳಿ, ಹೇಗೆ ತಿದ್ದುತ್ತೀರಿ ಹೇಳಿ ಎಂದರು. ಟೆಸ್ಲರ್ ಅವರ ಜೊತೆಗಾರ ಟಿಮ್ ಮಾಟ್ ಪಠ್ಯಪುಸ್ತಕ ಪ್ರಕಾಶನವೊಂದರ ಸಂಪಾದಕರೊಡನೆ ಕೂತು, ಅವರು ಕತ್ತರಿ ಗೋಂದು ಹಿಡಿದು ಹಾಳೆ ಸರಿಮಾಡುವುದನ್ನು ನೋಡಿದರು. ಅದರಿಂದ ಹುಟ್ಟಿದ್ದು ಜಿಪ್ಸಿ ಎಂಬ ತಂತ್ರಾಂಶ. ಇಂದು ನಾವು ಯೋಚಿಸದೆ ಮಾಡುವ ಕಟ್ ಮತ್ತು ಪೇಸ್ಟ್ ಅಲ್ಲಿಂದ ಬಂದದ್ದು. ಬಲ್ಲವರು ಬಾರದವರಿಗೆ ಕಲಿಸುವುದು ರೂಢಿ. ಇಲ್ಲಿ ಬಾರದವರಿಂದ ಬಲ್ಲವರು ಕಲಿತರು.

1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಅಪಘಾತವಾಯಿತು. ತೆರೆದುಕೊಂಡೇ ಇದ್ದ ಕವಾಟವೊಂದು ಮುಚ್ಚಿದೆ ಎಂದು ಸಿಬ್ಬಂದಿ ನಂಬಿದ್ದರು. ಕಾರಣ ಒಂದು ದೀಪ. ಅದು ತಿಳಿಸುತ್ತಿದ್ದುದು ಮುಚ್ಚು ಎಂಬ ಆದೇಶ ಹೋಗಿದೆ ಎಂದಷ್ಟೇ, ಕವಾಟ ಮುಚ್ಚಿದೆಯೆಂದಲ್ಲ. ಅಲ್ಲಿಯೂ ಮೊದಲು ದೂಷಣೆಗೆ ಒಳಗಾದವರು ಸಿಬ್ಬಂದಿಯೇ. ಪರಿಶೀಲನೆಗೆ ಕರೆಸಲಾದವರಲ್ಲಿ ಮನೋವಿಜ್ಞಾನಿ ಡಾನ್ ನಾರ್ಮನ್ ಒಬ್ಬರು. 1988ರಲ್ಲಿ ಅವರು ದಿನಬಳಕೆಯ ವಸ್ತುಗಳ ವಿನ್ಯಾಸದ ಮೇಲೆ ಪುಸ್ತಕ ಬರೆದರು. 1993ರಲ್ಲಿ ಆ್ಯಪಲ್ ಕಂಪನಿ ಸೇರಿದಾಗ ಅವರ ಹುದ್ದೆಯ ಹೆಸರಿನಲ್ಲೇ ಯೂಸರ್ ಎಕ್ಸ್‌ಪೀರಿಯನ್ಸ್ ಎಂಬ ಮಾತಿತ್ತು. ಅಷ್ಟರಲ್ಲಿ ವೆಬ್ ಹರಡತೊಡಗಿತ್ತು. 2007ರಲ್ಲಿ ಐಫೋನ್ ಬಂದು ಮೌಸಿನ ಜಾಗಕ್ಕೆ ಬೆರಳು ಬಂತು.

ನಮ್ಮ ನಾಡಿನಲ್ಲೂ ನೆನೆಯಬೇಕಾದ ಒಂದು ಸಂಗತಿಯಿದೆ. ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆಯಲ್ಲಿ, ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಸಿಗುವಂತಾಯಿತು. ಅಲ್ಲಿ ರೈತರ ಕಡೆಗೆ ಮುಖಮಾಡಿದ ಎರಡನೆಯ ಪರದೆಯೊಂದನ್ನು ಇಟ್ಟಿದ್ದರು. ಒಳಗಿನ ನೌಕರ ಕಾಣುವುದನ್ನು ಹೊರಗೆ ನಿಂತವರೂ ಕಾಣಬಹುದಿತ್ತು. ತಮ್ಮ ಜಮೀನಿನ ದಾಖಲೆಯ ಮೇಲೆ ಏನು ನಡೆಯುತ್ತಿದೆ ಎಂದು ನೋಡುವ ಹಕ್ಕು ರೈತರದು ಎಂದು ಒಪ್ಪಿಕೊಂಡ ವಿನ್ಯಾಸ ಅದು. ನನ್ನ ಮಟ್ಟಿಗೆ ಯಾವ ಸುಂದರ ಆ್ಯಪಿಗಿಂತಲೂ ಅದು ದೊಡ್ಡದು.

ಜನರ ಕೈ ಎಲ್ಲಿ ಎಡವುತ್ತದೆ ಎಂದು ಬಲ್ಲವರು ಬೇಕೆಂದೇ ಎಡವಿಸಲೂ ಬಲ್ಲರು. ಟಿಕೆಟ್ ಕೊಳ್ಳುವಾಗ ಕೇಳದೆಯೇ ಸೇರಿಕೊಂಡಿರುವ ವಿಮೆ, ಇಲ್ಲದ ಅವಸರ ಹುಟ್ಟಿಸುವ ಸೂಚನೆ, ಚಂದಾ ನಿಲ್ಲಿಸುವ ಬಟನ್ನನ್ನು ಬಚ್ಚಿಡುವುದು, ಇವೆಲ್ಲ ಆ ತಿಳಿವಳಿಕೆಯ ದುರ್ಬಳಕೆ. ಹ್ಯಾರಿ ಬ್ರಿಗ್ನಲ್ ಎಂಬ ವಿನ್ಯಾಸಕ 2010ರಲ್ಲಿ ಇವಕ್ಕೆ ಡಾರ್ಕ್ ಪ್ಯಾಟರ್ನ್ ಎಂದು ಹೆಸರಿಟ್ಟರು. ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಗಳನ್ನು ಪಟ್ಟಿಮಾಡಿ ನಿಷೇಧಿಸಿತು. ಬಲೆಗೆ ಬಿದ್ದವರ ದಡ್ಡತನ ಎನ್ನದೆ ಬಲೆ ಹೆಣೆದವರತ್ತ ಬೆರಳು ತೋರಿದ ಈ ನಿಯಮ, ಚಪಾನಿಸ್ ಹಿಡಿದ ದಾರಿಯಲ್ಲೇ ನಡೆದಿದೆ.

ಇನ್ನು ಕನ್ನಡದ ಮಾತು. ಇಂಗ್ಲಿಷಿಗೆ ಅಳೆದು ಮಾಡಿದ ಬಟನ್ನಿನೊಳಗೆ ಕನ್ನಡ ತುರುಕಿದಾಗ ಕೆಳಗಿನ ಒತ್ತಕ್ಷರ ಕತ್ತರಿಸಿಹೋಗುತ್ತದೆ, ಉದ್ದನೆಯ ಪದ ಮೂರು ಚುಕ್ಕಿಗಳಲ್ಲಿ ಕೊನೆಯಾಗುತ್ತದೆ. ಓದುಗ ಇಂಗ್ಲಿಷಿಗೇ ಮರಳುತ್ತಾನೆ. ಕನ್ನಡ ಆಯ್ಕೆಯನ್ನು ಯಾರೂ ಬಳಸುತ್ತಿಲ್ಲ ಎಂಬ ತೀರ್ಮಾನಕ್ಕೆ ಇದೇ ಆಧಾರವಾಗಿಬಿಡುತ್ತದೆ. ಬೆಂಗಳೂರಿನಲ್ಲಿ ಈ ಕೆಲಸದಲ್ಲಿ ತೊಡಗಿರುವ ಯುವಕ ಯುವತಿಯರು ಬಹಳ ಮಂದಿ ಇದ್ದೀರಿ. ಪರದೆಯ ನಕ್ಷೆ ಬರೆಯುವಾಗ ಎರಡೆರಡು ಒತ್ತುಗಳಿರುವ ಕನ್ನಡ ಪದವನ್ನೇ ಮೊದಲು ಬರೆದು, ಅದು ಪೂರ್ತಿ ಹಿಡಿಸುವಂತೆ ಪೆಟ್ಟಿಗೆಯ ಅಳತೆ ಹಾಕಿ. ಆಮೇಲೆ ಅದನ್ನು ಕನ್ನಡವಷ್ಟೇ ಓದಬಲ್ಲವರ ಕೈಗೆ ಕೊಟ್ಟು, ಏನನ್ನೂ ಹೇಳಿಕೊಡದೆ ಪಕ್ಕದಲ್ಲಿ ಕೂತು ನೋಡಿ.