ಅಕ್ಟೋಬರ್ 31ರ ವೇಷ, ನವೆಂಬರ್ 1ರ ಭಾಷೆ
(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಪಾಶ್ಚಾತ್ಯರ ದೆವ್ವದ ಹಬ್ಬದ ಮಾತೆತ್ತಿದರೆ ತಾವು ಹುಬ್ಬೇರಿಸಬಹುದು. ಆದರೆ ಇವೆರಡೂ ನೆರೆಹೊರೆಯ ದಿನಗಳು. ನವೆಂಬರ್ 1 ನಮ್ಮ ರಾಜ್ಯೋತ್ಸವ. ಅದರ ಮುನ್ನಾದಿನವೇ ಅವರ ಹ್ಯಾಲೋವೀನ್. ಪೊವಾಯಿ, ಐರೋಲಿ, ಅಂಧೇರಿಗಳ ಗಣಕಯಂತ್ರದ ಕಚೇರಿಗಳಲ್ಲಿ ದುಡಿಯುವ ನಮ್ಮ ಮಕ್ಕಳಲ್ಲಿ ಕೆಲವರು ಈಗ ಅಂದು ವೇಷ ಕಟ್ಟುತ್ತಾರೆ.

ವೇಷ ನಮಗೇನೂ ಹೊಸತಲ್ಲ. ನವರಾತ್ರಿಯಲ್ಲಿ ಮಂಗಳೂರಿನಲ್ಲಿ, ಅಷ್ಟಮಿಯಲ್ಲಿ ಉಡುಪಿಯಲ್ಲಿ ಹುಲಿವೇಷದ ಹಿಂದೆ ಓಡಿ ಬೆಳೆದವರು ನಮ್ಮಲ್ಲಿ ಎಷ್ಟು ಮಂದಿ! ಆ ವೇಷ ಯಾವುದೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ಕಳೆದ ವರ್ಷ ನಮ್ಮ ಮನೆಯ ಹುಡುಗ ಬಿಳಿಯ ಅಂಗಿಯ ಮೇಲೆ 404 ಎಂದು ಬರೆದುಕೊಂಡು ಕಚೇರಿಗೆ ಹೊರಟ. ಅಜ್ಜಿ ಕೇಳಿದರು: "ಇದು ಯಾವ ಚಾಳಿನ ಖೋಲಿ ನಂಬರ್ ಮಾರಾಯ?" ಹುಡುಗ ನಕ್ಕು, "ಅಜ್ಜೀ, ಅದೆಲ್ಲ ನಿಮಗೆ ಗೊತ್ತಾಗ್ಲಿಕ್ಕಿಲ್ಲ" ಎಂದು ಹೊರಟುಹೋದ. ಅಜ್ಜಿ ಮತ್ತೆ ಕೇಳಲಿಲ್ಲ. ಅವರು ಕೇಳದೆ ಸುಮ್ಮನಾದದ್ದೇ ನಮ್ಮ ಮನಸ್ಸಿಗೆ ನಾಟಿತು.

ರಾತ್ರಿ ಅವನನ್ನು ಕೂರಿಸಿಕೊಂಡು, "ಕನ್ನಡದಲ್ಲಿ ಹೇಳು" ಎಂದೆವು. ತಡವರಿಸುತ್ತ ಹೇಳಿದ: ಅಂತರ್ಜಾಲದಲ್ಲಿ ಒಂದು ಪುಟವನ್ನು ಕೇಳಿದಾಗ, ಆ ಕಡೆಯ ಯಂತ್ರ ಇದ್ದೂ ಪುಟ ಮಾತ್ರ ಇಲ್ಲದಿದ್ದರೆ ಬರುವ ಉತ್ತರದ ಸಂಖ್ಯೆ 404. ಅಂದರೆ, "ವೇಷ ಹುಡುಕಿದೆ, ಸಿಗಲಿಲ್ಲ" ಎಂಬುದೇ ಅವನ ವೇಷ! ಅಜ್ಜಿ ಥಟ್ಟನೆ ಅಂದರು: "ಚಾಳು ಇದೆ, ಖೋಲಿ ಇಲ್ಲ, ಅಷ್ಟೇ ಅಲ್ಲವಾ?" ಹುಡುಗ ಬೆರಗಾದ. ನಾವು ನೋಡಿದ್ದು ಸರಿಯೇ ಇತ್ತಲ್ಲ, ಎಂಬಂತೆ ಅಜ್ಜಿ ನಕ್ಕರು.

ಹುಡುಗನಿಗೆ ಹುರುಪು ಬಂತು. ಜೊತೆಗಾರನೊಬ್ಬ ರೆಕ್ಕೆ ಕಟ್ಟಿಕೊಂಡು 'ಬಗ್' ಆಗಿದ್ದನಂತೆ. ಯಂತ್ರಕ್ಕೆ ಬರೆದ ಆಜ್ಞೆಗಳಲ್ಲಿ ಉಳಿದ ತಪ್ಪಿಗೆ ಆ ಹೆಸರು. ಹೆಸರು ಹಳೆಯದೇ; ಆದರೆ 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಯಂತ್ರದಲ್ಲಿ ನಿಜವಾದ ಪತಂಗವೇ ಸಿಕ್ಕಿ, ಕೆಲಸಗಾರರು ಅದನ್ನು ದಿನವಹಿ ಪುಸ್ತಕಕ್ಕೆ ಅಂಟಿಸಿದರು. "ನಾವೂ ತಲೆಗೆ ಹುಳ ಬಿಡುವುದು ಎನ್ನುತ್ತೇವಲ್ಲ!" ಎಂದರು ಅಜ್ಜಿ.

ಕೊನೆಗೆ ಆ ವೃತ್ತಿಯವರ ಹಳೆಯ ವಿನೋದವೊಂದು ಬಂತು: ಅಕ್ಟೋಬರ್ 31 ಮತ್ತು ಡಿಸೆಂಬರ್ 25, ಅಂದರೆ ದೆವ್ವದ ಹಬ್ಬ ಮತ್ತು ಕ್ರಿಸ್ಮಸ್, ಎರಡೂ ಒಂದೇ. 'ಆಕ್ಟ್' ಎಂದರೆ ಅವರಿಗೆ ಎಂಟರ ಎಣಿಕೆಯೂ ಹೌದು, 'ಡೆಕ್' ಎಂದರೆ ಹತ್ತರ ಎಣಿಕೆಯೂ ಹೌದು. ಎಂಟರ ಎಣಿಕೆಯ 31, ಹತ್ತರ ಎಣಿಕೆಯ 25. ನಮಗೆ ತಲೆ ತಿರುಗಿತು. 1957ರಲ್ಲಿ ನಯಾಪೈಸೆ ಬರುವ ತನಕ ಆಣೆ ಎಣಿಸಿದ್ದ ಅಜ್ಜಿಗೆ ತಿರುಗಲಿಲ್ಲ. "3 ಆಣೆ 1 ಪೈಸೆ ಎಂದರೆ 13 ಪೈಸೆ. ಆಣೆಗೆ 4ರ ಬದಲು 8 ಪೈಸೆ ಇದ್ದಿದ್ದರೆ 25. ಇದರಲ್ಲಿ ಏನುಂಟು?"

ಬಂಧುಗಳೇ, ಬುದ್ಧಿಗೆ ಕೊರತೆಯಿರಲಿಲ್ಲ, ಕನ್ನಡಕ್ಕೂ ಕೊರತೆಯಿರಲಿಲ್ಲ. ಹೇಳುವ ವ್ಯವಧಾನಕ್ಕೆ ಮಾತ್ರ ಕೊರತೆಯಿತ್ತು. ಕೇಳುವ ಧೈರ್ಯವನ್ನು ನಾವೂ ಬಿಟ್ಟಿದ್ದೆವು. ಮಕ್ಕಳು ಅನ್ನ ದುಡಿಯುವ ಕೆಲಸದ ನಗೆ ಮನೆಯ ಹೊಸ್ತಿಲು ದಾಟದಿದ್ದರೆ, ಕನ್ನಡ ವರ್ಷಕ್ಕೊಮ್ಮೆ ಬಾವುಟ ಹಾರಿಸುವ ಭಾಷೆಯಾಗಿ ಉಳಿದೀತು.

ಆದುದರಿಂದ ಒಂದು ಬಿನ್ನಹ. ನಮ್ಮ ಛದ್ಮವೇಷ ಸ್ಪರ್ಧೆಗೆ ಓಬವ್ವ, ಚೆನ್ನಮ್ಮ ಬರುತ್ತಲೇ ಇರಲಿ. ಮುಂದಿನ ವರ್ಷ ಈ 404, ಈ ಹುಳುವೂ ಬರಲಿ. ಕರಾರು ಒಂದೇ: ಮುಂದಿನ ಸಾಲಿನ ಅಜ್ಜಿಯಂದಿರು ನಗುವ ಹಾಗೆ ಕನ್ನಡದಲ್ಲಿ ಹೇಳಬೇಕು. ಬಹುಮಾನ ಯಾರಿಗೆಂದು ಅವರೇ ತೀರ್ಮಾನಿಸಲಿ.