ಕೆಮ್ಮಿಗೆ ಕಿವಿಗೊಟ್ಟವರು



ಇಪ್ಪತ್ತೇಳು ಮಂದಿ ಮಡದಿಯರಲ್ಲಿ ರೋಹಿಣಿಯೊಬ್ಬಳನ್ನೇ ಮೆಚ್ಚಿದ ಚಂದ್ರನಿಗೆ ಮಾವನಾದ ದಕ್ಷನು ಕೊಟ್ಟ ಶಾಪವೇ ಕ್ಷಯ ಎನ್ನುತ್ತದೆ ಪುರಾಣ. ಕಥೆ ಸೊಗಸಾಗಿದೆ, ಆದರೆ ಅದರೊಳಗೊಂದು ತೀರ್ಪು ಅಡಗಿದೆ: ರೋಗಕ್ಕೆ ರೋಗಿಯೇ ಹೊಣೆ. 1882ರಲ್ಲಿ ರಾಬರ್ಟ್ ಕಾಖ್ ಈ ರೋಗದ ಸೂಕ್ಷ್ಮಾಣುವನ್ನು ಕಂಡು ಜಗತ್ತಿಗೆ ಸಾರಿದ ಮೇಲೆ ಶಾಪದ ಮಾತು ಹಿಂದೆ ಸರಿಯಿತು. ತೀರ್ಪು ಮಾತ್ರ ವೇಷ ಬದಲಿಸಿಕೊಂಡು ಉಳಿಯಿತು. ಹಳ್ಳಿಯವರು ಅಜ್ಞಾನಿಗಳು, ಕೆಮ್ಮನ್ನು ಲೆಕ್ಕಿಸುವವರಲ್ಲ, ಅವರನ್ನು ನಾವೇ ಹುಡುಕಿಕೊಂಡು ಹೋಗಬೇಕು ಎಂಬುದು ವಿದ್ಯಾವಂತರ ದೃಢವಾದ ನಂಬಿಕೆಯಾಗಿತ್ತು.

ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವರು ನಮ್ಮ ನೆರೆಯವರೇ. ನಾನು ವಾಸವಾಗಿರುವ ವಿದ್ಯಾರಣ್ಯಪುರದ ಕಡೆಯಿಂದ ಬಳ್ಳಾರಿ ರಸ್ತೆ ಹಿಡಿದು ನಗರಕ್ಕೆ ಹೋಗುವವರು ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಫಲಕವನ್ನು ನೋಡಿರಬಹುದು. 1959ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯಲ್ಲಿ ವೈದ್ಯರ ಜೊತೆಗೆ ಸಂಖ್ಯಾಶಾಸ್ತ್ರಜ್ಞರೂ ಸಮಾಜಶಾಸ್ತ್ರಜ್ಞರೂ ಕೂಡಿ ದುಡಿದದ್ದು ಒಂದು ವಿಶೇಷ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ಎಂಬಿಬ್ಬರು ತುಮಕೂರು ಜಿಲ್ಲೆಯ ಹಳ್ಳಿ ಪಟ್ಟಣಗಳಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಕಲೆ ಕಾಣಿಸಿದವರನ್ನೂ, ಹೋಲಿಕೆಗಾಗಿ ಇತರರನ್ನೂ ಮಾತನಾಡಿಸಿ, ಅವರು ಹೇಳಿದ್ದನ್ನು ಬರೆದುಕೊಳ್ಳಲಾಯಿತು. ವೈದ್ಯಶಾಸ್ತ್ರದಲ್ಲಿ ನನಗೆ ಅಧಿಕಾರವಿಲ್ಲ. ಆದರೆ ಜನರ ಮಾತನ್ನೇ ಆಕರವಾಗಿ ಹಿಡಿದ ಸಂಶೋಧನೆಯ ಬೆಲೆ ಕನ್ನಡ ಮೇಷ್ಟರಿಗೂ ತಿಳಿಯುತ್ತದೆ.

ಫಲಿತಾಂಶ ಪಂಡಿತರನ್ನು ಬೆಚ್ಚಿಬೀಳಿಸುವಂಥದು. ಕಫದಲ್ಲಿ ಸೂಕ್ಷ್ಮಾಣುವಿದ್ದ ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಕೆಮ್ಮು, ಜ್ವರ, ಎದೆನೋವುಗಳ ಅರಿವಿತ್ತು. ಹೆಚ್ಚಿನವರಿಗೆ ಅದರ ಚಿಂತೆಯೂ ಇತ್ತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಿದ್ದರು. ಅಲ್ಲಿ ಅವರಿಗೆ ದೊರೆತದ್ದೇನು? ಒಂದು ಸೀಸೆ ಕೆಮ್ಮಿನ ಔಷಧಿ! ರೋಗಿ ಬಾಗಿಲಿಗೆ ಬಂದಿದ್ದ, ಗುರುತಿಸುವವರಿರಲಿಲ್ಲ.

ಹಾಗಾದರೆ ಮಾಡಬೇಕಾದ್ದು ಸರಳವಾಗಿತ್ತು. ಇರುವ ಆಸ್ಪತ್ರೆಗಳಲ್ಲಿಯೇ ಕೆಮ್ಮುತ್ತ ಬಂದವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮನೆಯಲ್ಲಿದ್ದು ಔಷಧಿ ನುಂಗಿದವರೂ ಸ್ಯಾನಟೋರಿಯಮ್ಮಿನ ರೋಗಿಗಳಂತೆಯೇ ಗುಣವಾಗುತ್ತಾರೆಂದು ಮದರಾಸಿನ ಸಂಶೋಧಕರು 1959ರಲ್ಲಿಯೇ ತೋರಿಸಿಕೊಟ್ಟಿದ್ದರು. (ನಮ್ಮ ಹಳೆಯ ಕಾದಂಬರಿಗಳ ಕ್ಷಯಪೀಡಿತ ನಾಯಕಿಯರು ಇದಕ್ಕೆ ಮೊದಲೇ ತೀರಿಕೊಂಡದ್ದು ಅವರ ದುರದೃಷ್ಟ.) ಈ ಎರಡು ತಿಳಿವುಗಳ ಆಧಾರದ ಮೇಲೆ 1962ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ರೂಪುಗೊಂಡಿತು. ತುಮಕೂರಿನ ಅಧ್ಯಯನದ ತಿರುಳು ಅಚ್ಚಾಗುವ ಮೊದಲೇ ಕೆಲಸಕ್ಕೆ ಬಂದಿತ್ತು.

ಇಂದು ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ ಆಗಬೇಕೆಂಬುದು ನಿಯಮ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಸಾಕು. ನಡುವೆ ಬಿಟ್ಟರೆ ಔಷಧಿಗೆ ಬಗ್ಗದ ರೋಗ ತಲೆಯೆತ್ತುತ್ತದೆ. ಆದರೂ ಸೀಸೆಯ ಕಾಲ ಮುಗಿದಿಲ್ಲ. ಈಚೆಗೆ ನಮ್ಮ ಬಡಾವಣೆಯ ಔಷಧಿ ಅಂಗಡಿಯಲ್ಲಿ ಗಾರೆ ಕೆಲಸದವನೊಬ್ಬ ಕೆಮ್ಮಿನ ಸಿರಪ್ ಕೇಳಿದ. ಅಂಗಡಿಯ ಹುಡುಗ ಬೆಲೆ ಹೇಳಿದನೇ ಹೊರತು ಬೇರೇನೂ ಕೇಳಲಿಲ್ಲ. "ಎಷ್ಟು ದಿನದಿಂದಪ್ಪಾ?" ಎಂದೆ ನಾನು. "ಯುಗಾದಿಗೆ ಊರಿಗೆ ಹೋದಾಗಿಂದ ಸ್ವಾಮಿ" ಎಂದ. ಆಗ ಆಷಾಢ. ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆಗೂ ಮಾತ್ರೆಗಳಿಗೂ ಹಣ ಕೊಡಬೇಕಾಗಿಲ್ಲವೆಂದು ಅವನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.